ಸೋತ ಮೇಲೂ ಏರಿದ ಕಾರ್ನ್‌ವಾಲಿಸ್

ಟಿಪ್ಪು ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಪಡೆದವನೆಂದು ಕನ್ನಡಿಗರು ಬಲ್ಲ ಚಾರ್ಲ್ಸ್ ಕಾರ್ನ್‌ವಾಲಿಸ್ ಹುಟ್ಟಿದ್ದು ಲಂಡನ್ನಿನಲ್ಲಿ, 1738ರ ಡಿಸೆಂಬರ್ 31ರಂದು. ಅವನದು ಸಫೋಕ್ ಸೀಮೆಯ ಹಳೆಯ ಶ್ರೀಮಂತ ಮನೆತನ. ತಂದೆಗೆ 1753ರಲ್ಲಿ ಅರ್ಲ್ ಪದವಿ ಸಿಕ್ಕಿತು. ಆಗ ಇಂಥ ಮನೆಗಳಲ್ಲಿ ಬಿರುದು, ಆಸ್ತಿ ಹಿರಿಮಗನ ಪಾಲಾಗುತ್ತಿದ್ದವು. ಕಿರಿಯರು ಚರ್ಚನ್ನೋ ಸೈನ್ಯವನ್ನೋ ನೌಕಾಪಡೆಯನ್ನೋ ಸೇರಿ ದಾರಿ ಕಂಡುಕೊಳ್ಳಬೇಕಿತ್ತು. ಕಾರ್ನ್‌ವಾಲಿಸ್ ಕುಲದವರು ಎಲ್ಲ ಕಡೆಯೂ ಮೇಲೇರಿದರು. ಚಿಕ್ಕಪ್ಪ ಫ್ರೆಡರಿಕ್ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ. ಫ್ರೆಡರಿಕ್‌ನ ಅವಳಿ ಎಡ್ವರ್ಡ್ 1749ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಊರನ್ನು ಕಟ್ಟಿದ. ಚಾರ್ಲ್ಸ್‌ನ ತಮ್ಮಂದಿರಲ್ಲಿ ವಿಲಿಯಂ ಅಡ್ಮಿರಲ್, ಜೇಮ್ಸ್ ಬಿಷಪ್.

ಈಟನ್ ಶಾಲೆಯಲ್ಲಿ ಹಾಕಿ ಆಡುವಾಗ ಬಿದ್ದ ಪೆಟ್ಟು ಚಾರ್ಲ್ಸ್‌ನ ಕಣ್ಣಿಗೆ ಶಾಶ್ವತ ಊನವನ್ನು ಉಳಿಸಿತು. ಹೊಡೆದ ಹುಡುಗನೂ ಮುಂದೆ ಬಿಷಪ್ ಆದವನೇ! ಹದಿನೆಂಟರ ಹೊತ್ತಿಗೆ ಸೈನ್ಯ ಸೇರಿದ ಚಾರ್ಲ್ಸ್, ಏಳು ವರ್ಷಗಳ ಯುದ್ಧದಲ್ಲಿ ಜರ್ಮನಿಯ ರಣರಂಗಗಳನ್ನು ಕಂಡ. 1762ರಲ್ಲಿ ತಂದೆ ತೀರಿಕೊಂಡಾಗ ಎರಡನೆಯ ಅರ್ಲ್ ಆದ.

ಅಮೆರಿಕದ ವಸಾಹತುಗಳ ಮೇಲೆ ಬ್ರಿಟನ್ನಿನ ಹಿಡಿತ ಬಿಗಿಯುವುದನ್ನು ಪಾರ್ಲಿಮೆಂಟಿನಲ್ಲಿ ವಿರೋಧಿಸಿದ್ದ ಬೆರಳೆಣಿಕೆಯ ಶ್ರೀಮಂತರಲ್ಲಿ ಅವನೂ ಒಬ್ಬ. ಆದರೂ ಯುದ್ಧ ಶುರುವಾದಾಗ ಅದೇ ವಸಾಹತುಗಳ ವಿರುದ್ಧ ಹೊರಟ. 1779ರಲ್ಲಿ ಹೆಂಡತಿ ಜೆಮೈಮಾ ತೀರಿಕೊಂಡಳು. ಇಬ್ಬರು ಚಿಕ್ಕ ಮಕ್ಕಳನ್ನು ಇಂಗ್ಲೆಂಡಿನಲ್ಲೇ ಬಿಟ್ಟು ಮತ್ತೆ ಹಡಗು ಹತ್ತಿದ; ಆಮೇಲೆ ಮರುಮದುವೆಯಾಗಲಿಲ್ಲ. 1780ರಲ್ಲಿ ಕ್ಯಾಮ್ಡನ್‌ನಲ್ಲಿ ಗೆದ್ದವನು ಮರುವರ್ಷ ಯಾರ್ಕ್‌ಟೌನ್‌ನಲ್ಲಿ ಸಿಕ್ಕಿಬಿದ್ದ. ನೆಲದ ಮೇಲೆ ವಾಷಿಂಗ್ಟನ್ ಮತ್ತು ಫ್ರೆಂಚರು, ಸಮುದ್ರದಲ್ಲಿ ಫ್ರೆಂಚ್ ಹಡಗುಗಳು. 1781ರ ಅಕ್ಟೋಬರ್ 19ರಂದು ಏಳು ಸಾವಿರಕ್ಕೂ ಹೆಚ್ಚು ಮಂದಿಯೊಂದಿಗೆ ಶರಣಾಗಬೇಕಾಯಿತು. ಮೈ ಸರಿಯಿಲ್ಲವೆಂದು ಹೇಳಿ, ಕತ್ತಿ ಒಪ್ಪಿಸಲು ಕೈಕೆಳಗಿನ ಓಹಾರಾನನ್ನು ಕಳಿಸಿದ. ಓಹಾರಾ ಮೊದಲು ಫ್ರೆಂಚ್ ಸೇನಾಪತಿಯ ಕಡೆ ಹೋದ. ಅವನು ವಾಷಿಂಗ್ಟನ್‌ನನ್ನು ತೋರಿಸಿದ. ವಾಷಿಂಗ್ಟನ್ ತನ್ನ ಕೈಕೆಳಗಿನ ಲಿಂಕನ್‌ನನ್ನು ತೋರಿಸಿದ.

ಅಮೆರಿಕದ ವಸಾಹತುಗಳನ್ನೇ ಕಳೆದ ಸೋಲಿನಲ್ಲಿ ಪಾಲುದಾರನಾದರೂ ಅವನ ಏಳಿಗೆ ನಿಲ್ಲಲಿಲ್ಲ. ರಾಜನ ವಿಶ್ವಾಸ, ಮನೆತನದ ತೂಕ, ಹಣದ ವಿಷಯದಲ್ಲಿ ಕೈ ಶುದ್ಧವೆಂಬ ಹೆಸರು ಇವೆಲ್ಲ ಕಾಯ್ದವು. 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ, 1791ರ ಮಾರ್ಚ್ 21ರ ರಾತ್ರಿ, ಬೆಂಗಳೂರು ಕೋಟೆ ಅವನ ಕೈಸೇರಿತು; ಕಿಲ್ಲೇದಾರ ಬಹಾದುರ್ ಖಾನ್ ಕಾದಾಡುತ್ತಲೇ ಮಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬಂದರೂ ಎತ್ತುಗಳು ಸಾಯತೊಡಗಿ, ದವಸ ಮುಗಿದು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. 1792ರಲ್ಲಿ ಮರಾಠರ, ನಿಜಾಮನ ಸೈನ್ಯಗಳೊಂದಿಗೆ ಮತ್ತೆ ಬಂದು ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ದಂಡ ಮತ್ತು ಆ ಇಬ್ಬರು ಮಕ್ಕಳನ್ನು ಪಡೆದ. ಮಾರ್ಕ್ವಿಸ್ ಪದವಿ ಈ ಗೆಲುವಿನ ಬಹುಮಾನ. ಮರುವರ್ಷ ಬಂಗಾಳದಲ್ಲಿ ಜಾರಿಗೊಳಿಸಿದ ಕಾಯಂ ಜಮೀನ್ದಾರಿ ಪದ್ಧತಿ ರೈತರನ್ನು ಬಹುಕಾಲ ಕಾಡಿತು.

ಐರ್ಲೆಂಡಿನ ಆಡಳಿತ ನಡೆಸಿ 1805ರಲ್ಲಿ ಮತ್ತೆ ಭಾರತಕ್ಕೆ ಬಂದ ಕಾರ್ನ್‌ವಾಲಿಸ್, ಅಕ್ಟೋಬರ್ 5ರಂದು ಗಾಜಿಪುರದಲ್ಲಿ ಸತ್ತ. ಸಮಾಧಿಯೂ ಅಲ್ಲೇ ಇದೆ. ಮಗನಿಗೆ ಐವರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಹೀಗಾಗಿ 1823ರಲ್ಲಿ ಆ ಮಗ ತೀರಿಕೊಂಡಾಗ ಮಾರ್ಕ್ವಿಸ್ ಪದವಿ ಕೊನೆಗೊಂಡಿತು. ಅರ್ಲ್ ಪದವಿ ಬಿಷಪ್ ಜೇಮ್ಸ್‌ಗೆ ಹೋಗಿ, ಅವನ ಮಗನ ಸಾವಿನೊಂದಿಗೆ 1852ರಲ್ಲಿ ಅದೂ ಅಳಿಯಿತು.