ಕ್ಯೂಆರ್ ಕೋಡಿನ ಮೂಲಕ ಬೇಸಾಯ ಮಾಹಿತಿ

ನೌಬಾದದ ಅಂಗಡಿಗಳಲ್ಲಿ ಹಣ ಪಾವತಿಗೆ ಬಳಸುವ ಕ್ಯೂಆರ್ ಕೋಡು ರೈತ ಬಾಂಧವರಿಗೆ ಹೊಸದೇನಲ್ಲ. ತರಬೇತಿಯಲ್ಲಿ ತೋರಿಸಿದ ಚಿತ್ರಗಳನ್ನೂ ಬೇಸಾಯದ ಕೈಪಿಡಿಯನ್ನೂ ಇದೇ ಕೋಡಿನಿಂದ ಹಂಚಬಹುದು. ಸಭೆಯಲ್ಲಿ ಕೇಳಿದ ಔಷಧದ ಪ್ರಮಾಣ ಸಿಂಪರಣೆಯ ದಿನ ನೆನಪಿಗೆ ಬಾರದಿರುವುದು ಸಾಮಾನ್ಯ. ಅಂದಾಜಿನಿಂದ ಬೆರೆಸಿದರೆ ತೊಗರಿ, ಸೋಯಾ ಅವರೆಗೂ ಹಾನಿ, ಸಿಂಪಡಿಸುವವರಿಗೂ ಅಪಾಯ.

ಈ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ವಾಹನದ ಬಿಡಿಭಾಗಗಳ ಲೆಕ್ಕಕ್ಕಾಗಿ ರೂಪಿಸಿದರು. ಮೂರು ಮೂಲೆಗಳ ದೊಡ್ಡ ಚೌಕಗಳಿಂದ ಫೋನು ಅದರ ದಿಕ್ಕನ್ನು ಗುರುತಿಸುತ್ತದೆ. ಅತಿ ದೊಡ್ಡ ಕೋಡಿನಲ್ಲೂ ಹಿಡಿಯುವುದು 2,953 ಬೈಟ್ ಮಾತ್ರ. ಕನ್ನಡದ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಕಾಗುಣಿತ, ಒತ್ತುಗಳ ಲೆಕ್ಕ ಬೇರೆ. ಹೀಗಾಗಿ ಇಡೀ ಕೈಪಿಡಿ ಅದರೊಳಗೆ ಹಿಡಿಯದು, ಚಿತ್ರಗಳಂತೂ ದೂರವೇ ಉಳಿಯಿತು. ಕೋಡಿನಲ್ಲಿರುವುದು ಕಡತದ ವಿಳಾಸ ಮಾತ್ರ, ಕಡತ ಅಂತರಜಾಲದಲ್ಲಿರುತ್ತದೆ. ನೌಬಾದದ ಸುರಂಗ ಬಾವಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಮೇಲೆ ಕಾಣುವ ಬಾಯಿಯಲ್ಲಿ ನೀರು ಹುಟ್ಟುವುದಿಲ್ಲ. ಒಳಗಿನ ಕಾಲುವೆ ಕುಸಿದರೆ ಬಾಯಿ ಇದ್ದೂ ಪ್ರಯೋಜನವಿಲ್ಲ.

ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ಕೋಡಿಗಿಂತ ಮೊದಲು ಕಡತದ ಕಡೆಗೆ ಗಮನ ಕೊಡಬೇಕು. ಅದನ್ನು ಪಿಡಿಎಫ್ ರೂಪಕ್ಕೆ ತಂದು, ಗಾತ್ರ ತಗ್ಗಿಸಿ, ಗೂಗಲ್ ಡ್ರೈವಿನಂತಹ ಕಡೆ ಇಟ್ಟು, ವಿಳಾಸ ಸಿಕ್ಕವರೆಲ್ಲರೂ ನೋಡುವಂತೆ ಅನುಮತಿ ಕೊಡಬೇಕು. ಇದನ್ನು ಮರೆತರೆ ಔರಾದದ ಹೊಲದಲ್ಲಿ ನಿಂತ ರೈತನ ಫೋನು ಕಡತದ ಬದಲು ಅನುಮತಿ ಕೇಳುತ್ತದೆ! ಹಂಚಿದ ಮೇಲೆ ಕಡತವನ್ನು ಅಳಿಸಬಾರದು. ತಿದ್ದುಪಡಿಯನ್ನು ಅದೇ ವಿಳಾಸದಲ್ಲೇ ಹಾಕಬೇಕು. ಕೋಡು ತಯಾರಿಸಿಕೊಡುವ ಕೆಲವು ತಾಣಗಳು ತಮ್ಮದೇ ವಿಳಾಸವನ್ನು ನಡುವೆ ಸೇರಿಸಿ, ಉಚಿತ ಅವಧಿ ಮುಗಿದೊಡನೆ ನಿಲ್ಲಿಸಿಬಿಡುತ್ತವೆ. ಕ್ರೋಮ್ ಬ್ರೌಸರಿನಲ್ಲೇ ನೇರ ವಿಳಾಸದ ಕೋಡು ತಯಾರಾಗುವಾಗ ಅಂತಹವುಗಳ ಗೊಡವೆ ಬೇಡ.

ಮುದ್ರಣದಲ್ಲಿ ಬಿಳಿಯ ಮೇಲೆ ಕಪ್ಪು ಬಣ್ಣವೇ ಲೇಸು. ಸುತ್ತಲೂ ನಾಲ್ಕು ಸಣ್ಣ ಚೌಕಗಳಷ್ಟು ಅಂಚು ಖಾಲಿ ಬಿಡಬೇಕು. ಹತ್ತು ಅಡಿ ದೂರದಿಂದ ಓದಿಸಬೇಕಾದರೆ ಕೋಡು ಸುಮಾರು ಒಂದು ಅಡಿ ಅಗಲವಿರಲಿ.

ಹೊಲದಲ್ಲಿ ನೆಟ್‌ವರ್ಕ್ ಸಿಗದಿರಬಹುದು. ಸಭೆ ಮುಗಿಯುವ ಮೊದಲೇ ರೈತರು ಕಡತವನ್ನು ಫೋನಿಗೆ ಇಳಿಸಿಕೊಳ್ಳಬೇಕು. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ ಔಷಧದ ಪ್ರಮಾಣವನ್ನು ಕೋಡಿನ ಕೆಳಗೇ ಅಕ್ಷರದಲ್ಲಿ ಮುದ್ರಿಸುವುದು ಅವಶ್ಯ.

ಮಾಹಿತಿಯ ಕೋಡಿನ ಮೇಲೆ ಮೋಸದ ಚೀಟಿ ಅಂಟಿಸುವುದೂ ಸಾಧ್ಯ. ತೆರೆಯುವ ಮೊದಲು ಫೋನು ತೋರಿಸುವ ವಿಳಾಸವನ್ನು ಓದಬೇಕು. ಕೈಪಿಡಿ ನೋಡಲು ಯುಪಿಐ ಪಿನ್ ಬೇಕಿಲ್ಲ. ಕೇಳಿದರೆ ಕೂಡಲೇ ಮುಚ್ಚಿ, ಕಾರ್ಯಕರ್ತರಿಗೆ ತಿಳಿಸತಕ್ಕದ್ದು.