ಗದ್ದೆಯ ಮಣ್ಣಿನಲ್ಲಿ ರೇಡಿಯೋ ಬಂಡಿ: ಪಂದ್ಯಕ್ಕೆ ಮುನ್ನ ಮಾಡಬೇಕಾದ ಕೆಲಸ

ಚಿನ್ನಮನೂರು, ಕಂಬಂ ಕಡೆಯ ಎತ್ತಿನ ಬಂಡಿ ಪಂದ್ಯಗಳನ್ನು ಕಂಡವರಿಗೆ ತಟ್ಟಾನ್‌ಸಿಟ್ಟು, ತೇನ್‌ಸಿಟ್ಟು, ಪೂಂಜಿಟ್ಟು, ಕರಿಚ್ಚಾನ್, ನಡುಮಾಡು, ಪೆರಿಯಮಾಡು ಎಂಬ ವರ್ಗಗಳು ಪರಿಚಿತ. ಎತ್ತಿನ ಗಾತ್ರಕ್ಕೆ ತಕ್ಕಂತೆ ಓಟವೂ ಬೇರೆ. ಮಣ್ಣಿನ ಹಾದಿಯಲ್ಲಿ ಓಡುವ ರೇಡಿಯೋ ನಿಯಂತ್ರಿತ ಬಂಡಿಗಳ ಪಂದ್ಯದಲ್ಲಿಯೂ ಇದೇ ನ್ಯಾಯ: ನಿಜ ವಾಹನದ ಹತ್ತನೆಯ ಒಂದರಷ್ಟಿರುವ ಮಾದರಿಗಳದು ಒಂದು ವರ್ಗ, ಎಂಟನೆಯ ಒಂದರಷ್ಟಿರುವವುಗಳದು ಇನ್ನೊಂದು. ಹತ್ತನೆಯ ಒಂದು ಅಳತೆಯ ವಿದ್ಯುತ್ ಬಂಡಿಗಳ ಮೊದಲ ವಿಶ್ವ ಪಂದ್ಯವು 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆಯಿತು. ನಮ್ಮಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ತಾಂತ್ರಿಕ ಉತ್ಸವಗಳಲ್ಲಿ ಇಂಥ ಓಟಗಳು ನಡೆಯುತ್ತವೆ.

ಇಂಥ ಬಂಡಿಯೊಂದಿಗೆ ಬರುವ ಸೂಚನೆಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಮಕ್ಕಳು ಅವನ್ನು ಓದದೆ ಬಂಡಿಯನ್ನು ನೆಲಕ್ಕಿಳಿಸುವುದೇ ಹೆಚ್ಚು. ಅವುಗಳಲ್ಲಿ ಕೆಲವನ್ನಾದರೂ ಕನ್ನಡದಲ್ಲಿ ಹೇಳುವುದು ಅವಶ್ಯ; ಬ್ಯಾಟರಿಯ ವಿಷಯದಲ್ಲಂತೂ ಓದದೆ ಬಿಡುವುದು ಅಪಾಯಕಾರಿ.

ಮೊದಲನೆಯದು ಧೂಳು. ಕೊಯ್ಲಾದ ಗದ್ದೆಯ ಒಣಮಣ್ಣು ಹಿಟ್ಟಿನಂತೆ ಮೇಲೆದ್ದು ಬೇರಿಂಗುಗಳನ್ನು ಹೊಗುತ್ತದೆ. ಚಕ್ರವನ್ನು ಬೆರಳಿನಿಂದ ತಿರುಗಿಸಿದಾಗ ಕರಕರ ಸದ್ದು ಬಂದರೆ ಬೇರಿಂಗ್ ಬದಲಿಸಬೇಕು. ಬಂಡಿಯನ್ನು ನೀರಿನಲ್ಲಿ ತೊಳೆಯದೆ ಒಣ ಕುಂಚದಿಂದ ಗುಡಿಸಬೇಕು. ಬಳಿಕ ಪ್ರತಿ ಸ್ಕ್ರೂವನ್ನೂ ಪರೀಕ್ಷಿಸಬೇಕು. ಲೋಹಕ್ಕೆ ಲೋಹ ಸೇರುವಲ್ಲಿ ಸ್ಕ್ರೂ ಸಡಿಲಗೊಳ್ಳದಂತೆ ತಡೆಯುವ ಅಂಟನ್ನು ಒಂದು ಹನಿ ಹಾಕಬಹುದು. ಪ್ಲಾಸ್ಟಿಕ್ಕಿಗೆ ಅದು ಸಲ್ಲದು, ಬಿರುಕು ಬಿಡುತ್ತದೆ.

ಎರಡನೆಯದು ಗಿಯರ್. ಮೋಟಾರಿನ ಪುಟ್ಟ ಪಿನಿಯನ್ ದೊಡ್ಡ ಸ್ಪರ್ ಗಿಯರನ್ನು ತಿರುಗಿಸುತ್ತದೆ. ಎರಡರ ನಡುವೆ ನೋಟುಪುಸ್ತಕದ ಹಾಳೆಯ ಒಂದು ಪಟ್ಟಿಯನ್ನಿಟ್ಟು ಮೋಟಾರನ್ನು ಒತ್ತಿ ಬಿಗಿಗೊಳಿಸಿ, ಅನಂತರ ಹಾಳೆಯನ್ನು ಉರುಳಿಸಿ ತೆಗೆದರೆ ತಕ್ಕ ಅಂತರ ಉಳಿಯುತ್ತದೆ. ಇಲ್ಲಿ ಒಂದು ಲೆಕ್ಕವಿದೆ. ಪಿನಿಯನ್‌ಗೆ 13 ಹಲ್ಲು, ಸ್ಪರ್‌ಗೆ 46 ಹಲ್ಲು, ಡಿಫರೆನ್ಷಿಯಲಿನ ಅನುಪಾತ 4.3 ಎಂದಿರಲಿ. ಆಗ ಮೋಟಾರು ಸುಮಾರು 15.2 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಮೋಟಾರಿನದು ನಿಮಿಷಕ್ಕೆ 29,600 ಸುತ್ತು, ಚಕ್ರದ ವ್ಯಾಸ 11 ಸೆಂಟಿಮೀಟರ್ ಆದರೆ ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್. ಪಿನಿಯನ್‌ಗೆ ಒಂದೇ ಹಲ್ಲು ಹೆಚ್ಚಿಸಿದರೆ ಅದು 43ಕ್ಕೆ ಏರುತ್ತದೆ. ಜೊತೆಗೆ ಮೋಟಾರಿನ ಕಾವೂ ಏರುತ್ತದೆ. ಹೊಸಬರು ಸೋಲುವುದು ಹೆಚ್ಚಾಗಿ ಈ ಮೂರು ಕಿಲೋಮೀಟರಿನ ಆಸೆಯಿಂದಲೇ ಎನ್ನಬಹುದು. ವೃತ್ತದ ಪರಿಧಿಯ ಪಾಠ ಕಲಿತ ವಿದ್ಯಾರ್ಥಿ ಈ ಲೆಕ್ಕವನ್ನು ತಾನೇ ಮಾಡಬಲ್ಲನು, ಮಾಡಬಲ್ಲಳು.

ಶಾಕ್ ಅಬ್ಸಾರ್ಬರಿನ ಸಿಲಿಕೋನ್ ಎಣ್ಣೆಯಲ್ಲಿ ಗಾಳಿಯ ಗುಳ್ಳೆಗಳು ಉಳಿಯಬಾರದು. ಬೇಸಿಗೆಯಲ್ಲಿ ಎಣ್ಣೆ ತೆಳುವಾಗುವುದರಿಂದ ತುಸು ಗಟ್ಟಿಯಾದುದನ್ನು ಬಳಸುವುದು ವಾಡಿಕೆ.

ಇನ್ನು ಬ್ಯಾಟರಿ. ಪೋಷಕರು ಇದನ್ನು ಮಕ್ಕಳ ಪಾಲಿಗೆ ಬಿಡಬಾರದು. ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಸೆಲ್ ಪೂರ್ಣ ತುಂಬಿದಾಗ 4.2 ವೋಲ್ಟ್ ಇರುತ್ತದೆ, 3.2ಕ್ಕಿಂತ ಕೆಳಗಿಳಿಯಲು ಬಿಡಬಾರದು. ದಿನಗಟ್ಟಲೆ ಇಡುವುದಾದರೆ 3.8ರ ಆಸುಪಾಸಿನಲ್ಲಿರಲಿ. ಸೆಲ್‌ಗಳನ್ನು ಸಮತೋಲದಲ್ಲಿಡುವ, ಅದಕ್ಕೆಂದೇ ಇರುವ ಚಾರ್ಜರನ್ನೇ ಬಳಸಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬಾರದು. ಚಾರ್ಜ್ ಮಾಡುವಾಗ ಹಾಸಿಗೆ, ಕಾಗದ, ತೆಂಗಿನ ಗರಿ ಯಾವುದೂ ಬಳಿಯಲ್ಲಿರದ ಸಿಮೆಂಟು ನೆಲದ ಮೇಲಿಟ್ಟು, ಹಿರಿಯರೊಬ್ಬರು ಎದುರಿಗೇ ಇರಬೇಕು. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು ಸಲ್ಲದು. ಈ ಬ್ಯಾಟರಿಗೆ ಬೆಂಕಿ ತಗುಲಿದರೆ ಅದು ಕ್ಷಣಗಳಲ್ಲಿ ಭುಗಿಲೇಳುತ್ತದೆ, ವಿಷದ ಹೊಗೆಯನ್ನೂ ಉಗುಳುತ್ತದೆ. ಮೊದಲು ಮನೆಯವರೆಲ್ಲರೂ ಹೊರಗೆ ಬರಬೇಕು.

ಪಂದ್ಯದ ಬೆಳಿಗ್ಗೆ ಕೈಯಲ್ಲಿರುವ ಟ್ರಾನ್ಸ್‌ಮಿಟರನ್ನು ಮೊದಲು ಚಾಲೂ ಮಾಡಿ, ಬಳಿಕ ಬಂಡಿಯನ್ನು. ನಿಲ್ಲಿಸುವಾಗ ಬಂಡಿ ಮೊದಲು. ಚಕ್ರಗಳನ್ನು ನೆಲದಿಂದ ಎತ್ತಿ ಹಿಡಿದು ಒಮ್ಮೆ ಟ್ರಾನ್ಸ್‌ಮಿಟರನ್ನು ಆರಿಸಿ ನೋಡಿರಿ: ಮೋಟಾರು ತಾನಾಗಿ ನಿಲ್ಲಬೇಕು. ನಿಲ್ಲದ ಬಂಡಿ ಜನರ ಕಾಲುಗಳ ನಡುವೆ ನುಗ್ಗಬಲ್ಲದು, ಅದನ್ನು ಕಣಕ್ಕಿಳಿಸಬಾರದು.

ತಮ್ಮ ಸುತ್ತನ್ನು ಮುಗಿಸಿದವರು ಮುಂದಿನ ಸುತ್ತಿನಲ್ಲಿ ಹಾದಿಯ ಬದಿಗೆ ನಿಂತು, ಮಗುಚಿದ ಬಂಡಿಗಳನ್ನು ನೆಟ್ಟಗೆ ಮಾಡುವುದು ಈ ಆಟದ ರೂಢಿ. ಅದಕ್ಕೆ ಚಪ್ಪಲಿ ಸಾಲದು, ಶೂ ಬೇಕು.