ಗಿಟಾರಿನಲ್ಲಿ ಬ್ಲೂಸ್ ಮನೋಧರ್ಮ

ತಾಳವಾಡಿ ಬೆಟ್ಟದ ಸೀಮೆಯವರಾದ ನಮಗೆ ಮಾದಪ್ಪನ ದೇವರಗುಡ್ಡರ ಕಂಸಾಳೆಯ ಹಾಡು ಹೊಸತಲ್ಲ. ಮುಂದಾಳು ಸೊಲ್ಲೆತ್ತಿದೊಡನೆ ಜೊತೆಯವರು ಓಗೊಡುವರು. ಅಮೆರಿಕದ ದಕ್ಷಿಣ ಸೀಮೆಯಲ್ಲಿ, ದಾಸ್ಯದಿಂದ ಬಿಡುಗಡೆ ಹೊಂದಿಯೂ ಬವಣೆ ನೀಗದ ಆಫ್ರಿಕಾ ಮೂಲದ ಜನರು 19ನೆಯ ಶತಮಾನದ ಕೊನೆಯ ಹೊತ್ತಿಗೆ ರೂಪಿಸಿದ ‘ಬ್ಲೂಸ್’ ಹಾಡಿನಲ್ಲಿಯೂ ಇದೇ ಕ್ರಮವುಂಟು. ಅಲ್ಲಿ ಓಗೊಡುವುದು ಬಹುಮಟ್ಟಿಗೆ ಗಿಟಾರು.

ಆ ಮರುನುಡಿಯನ್ನು ವಾದಕನು ಆ ಕ್ಷಣದಲ್ಲಿಯೇ ಕಲ್ಪಿಸಬೇಕು. ಇದು ಹುಟ್ಟಿನಿಂದ ಬರತಕ್ಕ ವರವೆಂದು ತಿಳಿದು ಮಕ್ಕಳನ್ನು ಹಿಂದೆಗೆಸುವ ತಾಯಿತಂದೆಗಳುಂಟು. ನಾವು ಹಾಗೆಣಿಸುವುದಿಲ್ಲ. ನಮ್ಮ ಕಲ್ಪನಾಸ್ವರದಂತೆ ಇದಕ್ಕೂ ಒಂದು ಕಟ್ಟು ಇದೆ. ಸಾಮಾನ್ಯವಾಗಿ ಒಂದು ಸುತ್ತಿಗೆ 12 ಖಂಡಗಳು, ಖಂಡಕ್ಕೆ 4 ಎಣಿಕೆ. ಮೊದಲ ನಾಲ್ಕಕ್ಕೆ ಷಡ್ಜ ಆಧಾರ, 5, 6ಕ್ಕೆ ಮಧ್ಯಮ, 7, 8ಕ್ಕೆ ಮರಳಿ ಷಡ್ಜ, 9ಕ್ಕೆ ಪಂಚಮ, 10ಕ್ಕೆ ಮಧ್ಯಮ, ಕಡೆಯೆರಡಕ್ಕೆ ಷಡ್ಜ. ನುಡಿಸುವ ಸ್ವರಗಳಾದರೋ ಮುಖ್ಯವಾಗಿ ಐದೇ: ಸ, ಗ, ಮ, ಪ, ನಿ. ಇವು ನಮ್ಮ ಶುದ್ಧ ಧನ್ಯಾಸಿಯವೇ ಅಲ್ಲವೆ! ಗಾಂಧಾರದ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಶ್ರುತಿಯನ್ನು ತುಸುವೇ ಏರಿಸಿದರೆ ಬ್ಲೂಸಿನ ಅಳಲು ಕೇಳಿಬರುತ್ತದೆ. ಬಿ. ಬಿ. ಕಿಂಗ್ (1925–2015) ಅವರು ಒಂದೇ ಸ್ವರವನ್ನು ನಡುಗಿಸಿ ನಿಲ್ಲಿಸುವುದರಲ್ಲಿ ಹೆಸರಾದವರು.

ಕಲಿಯುವ ಬಾಲಕ ಬಾಲಕಿಯರು ಎರಡು ಖಂಡ ಬಾಯಿಂದ ಹಾಡಿ, ಮುಂದಿನ ಎರಡರಲ್ಲಿ ತಂತಿಯಿಂದ ಉತ್ತರ ಕೊಡಲಿ; ಹೀಗೆ ಮೂರು ಸಲ ಮಾಡಿದರೆ ಸುತ್ತು ಮುಗಿಯಿತು. ಆರಂಭಕ್ಕೆ ಎರಡೇ ಸ್ವರ ಸಾಕು. ಹಾಡುವಾಗ ತಂತಿ ಮೌನವಾಗಿರಬೇಕು. ಬೆರಳಿನ ವೇಗಕ್ಕೆ ಆತುರಪಡುವವರಿಗೆ ಈ ಮೌನವೇ ಕಷ್ಟ! ಗಿಟಾರು ಕೊಳ್ಳಲಾಗದ ಮನೆಯ ಮಕ್ಕಳು ತೊಡೆಯ ಮೇಲೆ ತಾಳ ಹಾಕುತ್ತ ಪ್ರಶ್ನೆ ಉತ್ತರಗಳೆರಡನ್ನೂ ಬಾಯಿಂದಲೇ ಸಾಧಿಸಬಹುದು.